ಕಲ್ಯಾಣದ ದೊರೆಯ ಗಾಳ, ಕಾವೇರಿಯ ಹೆಸರಿಲ್ಲದ ಮೀನು

ಈ ವಾರದ ಮಾತಿನ ಬರಹರೂಪ ಇಲ್ಲಿದೆ. ವಿಡಿಯೋ ನೋಡೋಕೆ ಬಿಡುವಿಲ್ಲದವರು, ಗಚ್ಚಿಬೌಲಿ ಟ್ರಾಫಿಕ್‌ನಲ್ಲಿ ಕ್ಯಾಬ್ ಒಳಗೆ ಕೂತವರು, ಆರಾಮಾಗಿ ಓದಿ.

ಮೊದಲು ಒಂದು ಸಣ್ಣ ಸಂಗತಿ. ನನ್ನ ಗೆಳೆಯರೊಬ್ಬರು ಆನ್‌ಸೈಟ್ ಅಂತ ಸ್ಕಾಟ್ಲೆಂಡಿಗೆ ಹೋಗಿ, ಮೇ ತಿಂಗಳು ಪೂರ್ತಿ ಅಲ್ಲಿದ್ದು ಬಂದರು. ಅಲ್ಲಿನ ಸಹೋದ್ಯೋಗಿಯೊಬ್ಬರು ಇವರನ್ನ ಒಂದು ಭಾನುವಾರ ನದಿಗೆ ಕರೆದುಕೊಂಡು ಹೋಗಿದ್ದರಂತೆ. ಮೊಣಕಾಲುದ್ದ ತಣ್ಣೀರಲ್ಲಿ ನಿಂತು, ಉದ್ದನೆಯ ಬಳುಕುವ ಕೋಲಿನಿಂದ ದಾರ ಬೀಸಿ, ಟ್ರೌಟ್ ಮೀನು ಹಿಡಿಯೋದು. ಸಿಕ್ಕಿದ್ದು ಒಂದೇ ಒಂದು, ಅದನ್ನೂ ವಾಪಸ್ ನೀರಿಗೆ ಬಿಟ್ಟರಂತೆ. ಆದರೆ ಆ ಮನುಷ್ಯ ಹೈದರಾಬಾದಿಗೆ ಬಂದ ಮೇಲೂ ಅದೇ ಗುಂಗಿನಲ್ಲಿದ್ದರು. ನನ್ನ ಕೇಳಿದರು, "ಇಲ್ಲಿ ಸುತ್ತಮುತ್ತ ಟ್ರೌಟ್ ಸಿಗೋ ನದಿ ಎಲ್ಲಿದೆ ಮಾರಾಯ್ರೇ? ನಮ್ಮ ಕಡೆಯವರು ಯಾಕೆ ಹೀಗೆ ಸಂತೋಷಕ್ಕೆ ಅಂತ ಗಾಳ ಹಾಕೋದನ್ನ ಕಲೀಲೇ ಇಲ್ಲ?"

ಮೊದಲ ಪ್ರಶ್ನೆಗೆ ಉತ್ತರ ಸುಲಭ. ಇಲ್ಲ. ಟ್ರೌಟ್ ತಣ್ಣೀರಿನ ಮೀನು. ನೀರು 20 ಡಿಗ್ರಿ ದಾಟಿದರೆ ಅದಕ್ಕೆ ಕಷ್ಟ ಶುರು. ಬಿಸಿ ನೀರಿನಲ್ಲಿ ಕರಗಿರುವ ಆಮ್ಲಜನಕ ಕಡಿಮೆ, ಅದಕ್ಕೆ ಬೇಕಾದ್ದು ಜಾಸ್ತಿ. ನಮ್ಮ ಮೂಸಿ, ಮಂಜೀರಾ ನದಿಗಳಲ್ಲಿ ಏಪ್ರಿಲ್ ಬಿಸಿಲಿಗೆ ಅದು ಒಂದು ದಿನವೂ ಬದುಕಲಿಕ್ಕಿಲ್ಲ.

ಎರಡನೇ ಪ್ರಶ್ನೆ ಮಾತ್ರ ನನ್ನ ತಲೆಯಲ್ಲಿ ಉಳೀತು. ಯಾಕೆಂದರೆ ಆ ಪ್ರಶ್ನೆಯೇ ತಪ್ಪು. ಸಂತೋಷಕ್ಕೆ ಗಾಳ ಹಾಕೋದರ ಬಗ್ಗೆ ಸುಮಾರು 900 ವರ್ಷದ ಹಿಂದೆ ಒಬ್ಬ ಕನ್ನಡ ನಾಡಿನ ದೊರೆ ಒಂದು ಅಧ್ಯಾಯವನ್ನೇ ಬರೆದಿದ್ದಾನೆ. ಅವನ ರಾಜಧಾನಿ ನೀವು ಕೂತಿರುವ ಜಾಗದಿಂದ ಸುಮಾರು ಮೂರೂವರೆ ಗಂಟೆಯ ದಾರಿ.

ಸಾಹೇಬರು ಹೊತ್ತು ತಂದ ಟ್ರೌಟ್

ಕಲ್ಯಾಣಕ್ಕೆ ಹೋಗೋಕೆ ಮುಂಚೆ ಟ್ರೌಟ್ ಕತೆ ಮುಗಿಸೋಣ. ಈ ಆಟದ ಬಗ್ಗೆ ನಮಗಿರೋ ಕಲ್ಪನೆ ಬಂದಿದ್ದು ಅಲ್ಲಿಂದಲೇ.

ಫ್ಲೈ ಫಿಶಿಂಗ್ ಅಂದ್ರೆ ಏನು? ಎರೆಹುಳು, ಹಿಟ್ಟು ಇವೇನೂ ಇಲ್ಲದೆ, ಹಕ್ಕಿಯ ಗರಿ, ದಾರ ಸುತ್ತಿ ಮಾಡಿದ ನಕಲಿ ಹುಳವನ್ನ ಗಾಳವಾಗಿ ಬಳಸೋದು. ಇಂಗ್ಲೆಂಡ್, ಸ್ಕಾಟ್ಲೆಂಡಿನಲ್ಲಿ ಮೇ-ಜೂನ್ ಹೊತ್ತಿಗೆ, ಅಂದ್ರೆ ಅವರ ಬೇಸಿಗೆಯ ಶುರುವಿನಲ್ಲಿ, ನದಿಯೊಳಗಿನ ಮರಿಹುಳುಗಳು ರೆಕ್ಕೆ ಬಂದು ನೀರಿನ ಮೇಲಕ್ಕೆ ಏಳುತ್ತವೆ. ಟ್ರೌಟ್ ಅವನ್ನ ತಿನ್ನೋಕೆ ಮೇಲೆ ಬರುತ್ತೆ. ಆ ದಿನ, ಆ ನದಿಯಲ್ಲಿ ಯಾವ ಹುಳ ಏಳುತ್ತಿದೆ ಅಂತ ನೋಡಿ, ಅದನ್ನೇ ಹೋಲುವ ಗಾಳ ಕಟ್ಟಬೇಕು. ಹಾಗಾಗಿ ಇದರಲ್ಲಿ ಕೈಚಳಕಕ್ಕಿಂತ ಮೊದಲು ಬೇಕಾದ್ದು ನದಿಯ ತಿಳಿವಳಿಕೆ.

ಬ್ರಿಟಿಷ್ ಅಧಿಕಾರಿಗಳು ಇಲ್ಲಿಗೆ ಬಂದಾಗ ಅವರಿಗೆ ಊರಿನ ನೆನಪು ಕಾಡ್ತಿತ್ತು. ನಾವು ಮಿಯಾಪುರದಲ್ಲಿ ಕೂತು ಒಳ್ಳೆ ಅಕ್ಕಿರೊಟ್ಟಿ ಎಲ್ಲಿ ಸಿಗುತ್ತೆ ಅಂತ ಹುಡುಕುತ್ತೀವಲ್ಲ, ಹಾಗೆ. ಭಾರತದ ಮೀನುಗಳ ಬಗ್ಗೆ 1875ರಿಂದ 1878ರವರೆಗೆ ದೊಡ್ಡ ಗ್ರಂಥ ಪ್ರಕಟಿಸಿದ ಫ್ರಾನ್ಸಿಸ್ ಡೇ, 1860ರ ದಶಕದಲ್ಲೇ ನೀಲಗಿರಿಗೆ ಟ್ರೌಟ್ ತರೋಕೆ ಪ್ರಯತ್ನಪಟ್ಟ. ಆಗಲಿಲ್ಲ. ಹಡಗಿನ ದಾರಿಯಲ್ಲಿ ಮೊಟ್ಟೆಗಳನ್ನ ತಣ್ಣಗೆ ಇಟ್ಟುಕೊಂಡು ಬರೋದೇ ದೊಡ್ಡ ಕೆಲಸ. ಕಾಶ್ಮೀರದಲ್ಲಿ 1900ರ ಹೊತ್ತಿಗೆ ಟ್ರೌಟ್ ನೆಲೆ ನಿಂತಿತು. ನೀಲಗಿರಿಯಲ್ಲಿ 20ನೇ ಶತಮಾನದ ಮೊದಲ ದಶಕದ ಕೊನೆಯಲ್ಲಿ ಹೆನ್ರಿ ಚಾರ್ಲ್ಸ್ ವಿಲ್ಸನ್ ಎಂಬಾತ ಇದನ್ನ ಸಾಧಿಸಿದ. ಊಟಿ ಹತ್ತಿರದ ಅವಲಾಂಚ್‌ನಲ್ಲಿ ಮರಿ ಮಾಡುವ ಕೇಂದ್ರ ಇರೋದು ಅದೇ ಕಾರಣಕ್ಕೆ.

ಬೆಟ್ಟ ಹತ್ತಲಾಗದ ಅಧಿಕಾರಿಗಳು ಬಯಲು ಸೀಮೆಯ ನದಿಗಳಲ್ಲೇ ಏನು ಸಿಗುತ್ತೆ ಅಂತ ನೋಡಿದರು. ಅವರ ಕಣ್ಣಿಗೆ ಬಿದ್ದಿದ್ದು ಮಹಶೀರ್. ನಮ್ಮ ಕಾವೇರಿ ಕಡೆಯವರು ಬಿಳಿಮೀನು ಅಂತಾರೆ. ರಭಸದ ನೀರಿನಲ್ಲಿ ಇರುವ, ಅಂಗೈ ಅಗಲದ ಹುರುಪೆಗಳ, ಗಾಳ ಕಚ್ಚಿದರೆ ಹತ್ತಾರು ಮಾರು ದಾರವನ್ನ ಒಂದೇ ಉಸಿರಿಗೆ ಎಳೆದುಕೊಂಡು ಓಡುವ ಮೀನು.

ಈ ಮೀನನ್ನ ಗಾಳ ಹಾಕುವವರ ಲೋಕದಲ್ಲಿ ಪ್ರಸಿದ್ಧಿಗೆ ತಂದ ಪುಸ್ತಕ 'ದಿ ರಾಡ್ ಇನ್ ಇಂಡಿಯಾ'. ಬರೆದವನು ಹೆನ್ರಿ ಸಲ್ಲಿವನ್ ಥಾಮಸ್, ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದವನು. 1873ರಲ್ಲಿ ಮೊದಲ ಮುದ್ರಣ ಆಗಿದ್ದು ಲಂಡನ್‌ನಲ್ಲಲ್ಲ, ಕಲ್ಕತ್ತಾದಲ್ಲಲ್ಲ, ನಮ್ಮ ಮಂಗಳೂರಿನಲ್ಲಿ. ಕಿಟ್ಟೆಲ್ ನಿಘಂಟನ್ನ 1894ರಲ್ಲಿ ಹೊರತಂದ ಬಾಸೆಲ್ ಮಿಷನ್‌ನಿಂದಲೇ ಇದೂ ಬಂತು. ಭಾರತದ ಗಾಳದ ಬಗ್ಗೆ ಇಂಗ್ಲಿಷರ ಅತ್ಯಂತ ಪ್ರಸಿದ್ಧ ಪುಸ್ತಕ ಕನ್ನಡ ಕರಾವಳಿಯಿಂದ ಬಂದಿದ್ದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಆ ಪುಸ್ತಕ ಬರೋಕೆ 740 ವರ್ಷ ಮುಂಚಿನ ಇನ್ನೊಂದು ಪುಸ್ತಕಕ್ಕೆ ಈಗ ಬರೋಣ.

ಮುಂಬೈ ಹೈವೇ ಹಿಡಿದು ಕಲ್ಯಾಣಕ್ಕೆ

ನಮ್ಮಲ್ಲಿ ಬೀದರ್, ಕಲಬುರಗಿ ಕಡೆಯವರು ವಾರಾಂತ್ಯದಲ್ಲಿ ಊರಿಗೆ ಹೋಗುವ ದಾರಿ ಇದು. ಪಟಾನ್‌ಚೆರು, ಸಂಗಾರೆಡ್ಡಿ, ಜಹೀರಾಬಾದ್ ದಾಟಿ, ಹುಮನಾಬಾದ್ ಆದ ಮೇಲೆ ಬಸವಕಲ್ಯಾಣ. 1956ರವರೆಗೆ ಇಷ್ಟೂ ಪ್ರದೇಶ ಹೈದರಾಬಾದ್ ರಾಜ್ಯವೇ. ಅದಕ್ಕೂ ಬಹಳ ಹಿಂದೆ, 11ನೇ ಶತಮಾನದ ನಡುವಿನಿಂದ, ಕಲ್ಯಾಣ ಚಾಲುಕ್ಯರ ರಾಜಧಾನಿ ಇದಾಗಿತ್ತು.

ಆರನೇ ವಿಕ್ರಮಾದಿತ್ಯನ ಹೆಸರು ನಮಗೆಲ್ಲ ಶಾಲೆಯಿಂದ ಗೊತ್ತು. ಅವನ ಮಗ ಮೂರನೇ ಸೋಮೇಶ್ವರ, ಬಿರುದು ಭೂಲೋಕಮಲ್ಲ. 1126-27ರ ಸುಮಾರಿಗೆ ಪಟ್ಟಕ್ಕೆ ಬಂದು 1138ರವರೆಗೆ ಆಳಿದ. ಯುದ್ಧಕ್ಕಿಂತ ಪುಸ್ತಕದ ಕಡೆ ಒಲವು ಹೆಚ್ಚು ಇದ್ದವನು. 1130ರ ಆಸುಪಾಸಿನಲ್ಲಿ ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ' ಅವನ ಹೆಸರಲ್ಲಿ ಉಳಿದಿದೆ. 'ಅಭಿಲಷಿತಾರ್ಥ ಚಿಂತಾಮಣಿ' ಅಂತಲೂ ಅದಕ್ಕೆ ಹೆಸರು. 5 ಭಾಗ, ಒಂದೊಂದರಲ್ಲಿ 20ರಂತೆ 100 ಅಧ್ಯಾಯ. ರಾಜ್ಯ ಗಳಿಸೋದು, ಉಳಿಸೋದು, ಊಟ, ಬಟ್ಟೆ, ಆನೆ, ಕುದುರೆ, ಸಂಗೀತ, ಕುಣಿತ, ಆಟ, ಎಲ್ಲಾ ಇದೆ. ಇಡ್ಲಿ, ದೋಸೆಯ ಹಳೆಯ ಉಲ್ಲೇಖ ಅಂತ ವಾಟ್ಸಾಪ್‌ನಲ್ಲಿ ಆಗಾಗ ಓಡಾಡುತ್ತಲ್ಲ, ಅದು ಈ ಪುಸ್ತಕದ್ದೇ.

ಇದರ ನಾಲ್ಕನೇ ಭಾಗ ವಿನೋದಗಳದ್ದು. ಕುಸ್ತಿ, ಕೋಳಿ ಅಂಕ, ಟಗರು ಕಾಳಗ, ಗಿಡುಗದ ಬೇಟೆ ಇವುಗಳ ಸಾಲಿನಲ್ಲಿ, ಗಿಡುಗ ಮತ್ತು ಬೇಟೆಯ ಅಧ್ಯಾಯಗಳ ನಡುವೆ, ಒಂದು ಅಧ್ಯಾಯ ಬರುತ್ತೆ. ಹೆಸರು ಮತ್ಸ್ಯವಿನೋದ. ಮೀನಿನ ಆಟ. ಹೊಟ್ಟೆಪಾಡಿಗೆ ಬಲೆ ಬೀಸೋದಲ್ಲ. ದೊರೆ ದಡದಲ್ಲಿ ಕೂತು ಗಾಳ ಹಾಕಿ ಸಂತೋಷಪಡೋದು.

ಅಧ್ಯಾಯದಲ್ಲಿ ಏನಿದೆ ಅನ್ನೋದು ಮುಖ್ಯ. ಬಿದಿರಿನ ಕೋಲು, ಹೊಸೆದ ದಾರ, ಗಾಳದ ಕೊಕ್ಕೆ ಇವೆಲ್ಲ ಇವೆ. ಆದರೆ ಅವಷ್ಟೇ ಅಲ್ಲ, ಮೀನುಗಳ ಪಟ್ಟಿಯೂ ಇದೆ. ಸುಮಾರು 35 ಬಗೆಯ ಮೀನು. ಯಾವುದು ಕಡಲಿನದು, ಯಾವುದು ಹೊಳೆಯದು. ಯಾವುದಕ್ಕೆ ಹುರುಪೆ ಇದೆ, ಯಾವುದಕ್ಕೆ ಇಲ್ಲ. ಯಾವುದು ದೊಡ್ಡದಾಗಿ ಬೆಳೆಯುತ್ತೆ, ಯಾವುದು ಸಣ್ಣದಾಗೇ ಇರುತ್ತೆ. ಯಾವ ಮೀನಿಗೆ ಯಾವ ತಿನಿಸು ಹಾಕಬೇಕು. ಇವೆಲ್ಲ ಗೊತ್ತಿದ್ದವನೇ ಗಾಳ ಹಾಕಬೇಕು ಅನ್ನೋ ಧಾಟಿ.

ಸ್ಕಾಟ್ಲೆಂಡಿನ ಆ ಸಹೋದ್ಯೋಗಿ ನದಿಯ ದಡದಲ್ಲಿ ನಿಂತು ಇವತ್ತು ಯಾವ ಹುಳ ಏಳ್ತಿದೆ ಅಂತ ನೋಡಿದನಲ್ಲ, ಅದೇ ಬುದ್ಧಿ ಇದು. ಮೀನು ಬೇರೆ, ನೀರು ಬೇರೆ, ಅಷ್ಟೇ.

ಇಲ್ಲಿ ಒಂದು ಎಚ್ಚರ. ಜಗತ್ತಿನಲ್ಲೇ ಮೊದಲು ನಾವೇ ಅಂತ ಎದೆ ತಟ್ಟಿಕೊಳ್ಳೋದು ಬೇಡ. ಸುಮಾರು ಕ್ರಿ.ಶ. 200ರ ಹೊತ್ತಿಗೇ ರೋಮಿನ ಈಲಿಯನ್ ಎಂಬ ಲೇಖಕ, ಮೆಸಿಡೋನಿಯಾದ ಜನ ಕೆಂಪು ಉಣ್ಣೆ, ಗರಿ ಸುತ್ತಿದ ಗಾಳದಿಂದ ಮೀನು ಹಿಡೀತಾರೆ ಅಂತ ಬರೆದಿದ್ದಾನೆ. ಆದರೆ ಇಂಗ್ಲಿಷಿನಲ್ಲಿ ಗಾಳದ ಬಗ್ಗೆ ಮೊದಲ ಅಚ್ಚಾದ ಬರಹ ಬಂದಿದ್ದು 1496ರಲ್ಲಿ. ಐಸಾಕ್ ವಾಲ್ಟನ್‌ನ ಪ್ರಸಿದ್ಧ ಪುಸ್ತಕ 1653ರಲ್ಲಿ. ಕಲ್ಯಾಣದ ದೊರೆ ಅವರಿಗಿಂತ ಮುನ್ನೂರೈವತ್ತು, ಐನೂರು ವರ್ಷ ಹಿಂದಿನವನು. "ನಮ್ಮವರು ಕಲೀಲೇ ಇಲ್ಲ" ಅನ್ನೋ ಮಾತಿಗೆ ಇಷ್ಟು ಉತ್ತರ ಸಾಕು.

ಈ ಅಧ್ಯಾಯದ ಮೇಲೆ ಮೊದಲು ಗಂಭೀರವಾಗಿ ಬರೆದವರು ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ನಿರ್ದೇಶಕರಾಗಿದ್ದ ಸುಂದರ್ ಲಾಲ್ ಹೋರಾ, 1951ರಲ್ಲಿ. ಆಮೇಲೆ 2005ರಲ್ಲಿ ಮೀನಿನ ಶ್ಲೋಕಗಳ ಇಂಗ್ಲಿಷ್ ಅನುವಾದ, ವಿವರಣೆ ಬಂತು. ಎಲ್ಲಿಂದ ಅಂತೀರಾ? ನಮ್ಮ ಸಿಕಂದರಾಬಾದಿನಿಂದ. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಸಂಸ್ಕೃತ ಪ್ರಾಧ್ಯಾಪಕಿಯಾಗಿದ್ದ ನಳಿನಿ ಸಾಧಲೆ, ಪಟಾನ್‌ಚೆರುವಿನ ಇಕ್ರಿಸ್ಯಾಟ್‌ನಲ್ಲಿ ಕೆಲಸ ಮಾಡಿ ನಿವೃತ್ತರಾದ ಸಸ್ಯವಿಜ್ಞಾನಿ ವೈ. ಎಲ್. ನೆನೆ, ಇಬ್ಬರೂ ಸೇರಿ ಮಾಡಿದ ಕೆಲಸ. ಕಲ್ಯಾಣಕ್ಕೆ ಹೋಗುವ ಹೈವೇ ಪಕ್ಕದಲ್ಲೇ ಇಕ್ರಿಸ್ಯಾಟ್ ಇರೋದು. ದಿನಾ ಆ ಗೇಟ್ ಮುಂದೆ ಹೋಗ್ತೀವಿ.

ದೊರೆಗೆ ಹೇಳಿಕೊಟ್ಟವರು ಯಾರು?

ಈಗ ಒಂದು ಪ್ರಶ್ನೆ. 35 ಬಗೆಯ ಮೀನು, ಅವುಗಳ ತಿನಿಸು, ವಾಸ, ಇದೆಲ್ಲ ಅರಮನೆಯಲ್ಲಿ ಕೂತವನಿಗೆ ಹೇಗೆ ಗೊತ್ತಾಯಿತು? ಅದರಲ್ಲೂ ಕಡಲಿನ ಮೀನು! ಕಲ್ಯಾಣದಿಂದ ಕಡಲು ಎಲ್ಲಿ, ಎಷ್ಟು ದೂರ. ಬೆಸ್ತರು, ಅಂಬಿಗರು, ಬೋಯಿಗಳು ಹೇಳದೆ ಇದು ಬರುವ ಸಾಧ್ಯತೆ ಇಲ್ಲ ಅಂತ ನನ್ನ ಊಹೆ. ಆದರೆ ಪುಸ್ತಕ ದೊರೆಯ ಹೆಸರಲ್ಲಿದೆ. ಹೇಳಿಕೊಟ್ಟವರ ಹೆಸರು ಉಳಿದಿಲ್ಲ.

ಇದನ್ನ ಯಾಕೆ ಹೇಳ್ತಿದ್ದೀನಿ ಅಂದ್ರೆ, ಸೋಮೇಶ್ವರ ತೀರಿಕೊಂಡು ಮೂವತ್ತು ವರ್ಷ ಆಗೋದರೊಳಗೆ ಅದೇ ಕಲ್ಯಾಣದಲ್ಲಿ ಬೇರೆ ಥರದ ದನಿ ಕೇಳಿಸಿತು. ತುಂಗಭದ್ರೆಯ ದಡದ ಚೌಡದಾನಪುರದ ಅಂಬಿಗರ ಚೌಡಯ್ಯ, ಬಿದಿರಿನ ಕೆಲಸದ ಮೇದರ ಕೇತಯ್ಯ, ಇವರೆಲ್ಲ ಶರಣರ ಸಾಲಿನಲ್ಲಿ ಕೂತು ವಚನ ಹೇಳಿದರು. ಗಾಳದ ಕೋಲಿಗೆ ಬಿದಿರು ಬೇಕು, ಹೊಳೆಗಿಳಿಯೋಕೆ ಅಂಬಿಗ ಬೇಕು. ಆ ಎರಡೂ ಕಸುಬಿನವರು ಇಲ್ಲಿ ತಮ್ಮ ಬಾಯಲ್ಲೇ ಮಾತಾಡಿದ್ದಾರೆ. ಬಹುತೇಕ ಶರಣರು ತಮ್ಮ ಇಷ್ಟದೈವದ ಹೆಸರನ್ನ ಅಂಕಿತವಾಗಿ ಇಟ್ಟುಕೊಂಡರೆ, ಚೌಡಯ್ಯ ಮಾತ್ರ ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡ. ದೋಣಿ ನಡೆಸುವವನ ಹೆಸರು ದಾಖಲೆಯಲ್ಲಿ ಉಳಿದ ಅಪರೂಪದ ಸಂದರ್ಭ ಅದು.

ಹೆಸರಿನ ಮಾತು ಬಂತಲ್ಲ, ಇಲ್ಲಿಂದ ಕಾವೇರಿಗೆ ಹೋಗೋಣ. ಅಲ್ಲಿ ಮೀನಿಗೇ ಹೆಸರಿರಲಿಲ್ಲ.

ರಾಗಿ ಮುದ್ದೆಗೆ ಬೀಳುವ ಮೀನು

ಕಾವೇರಿಯ ಬಿಳಿಮೀನುಗಳಲ್ಲಿ ಒಂದು ಬಗೆಗೆ ಬೆನ್ನ ಮೇಲೆ ಡುಬ್ಬ ಇರುತ್ತೆ, ಈಜುರೆಕ್ಕೆ ಕೇಸರಿ ಬಣ್ಣ. ಈ ಡುಬ್ಬದ ಮಹಶೀರ್ ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಗಾತ್ರ ಎಂಥದ್ದು ಅಂದ್ರೆ, 1919ರಲ್ಲಿ ಕಾವೇರಿಯಲ್ಲಿ ಬ್ರಿಟಿಷ್ ಅಧಿಕಾರಿಯೊಬ್ಬ ಹಿಡಿದದ್ದು 119 ಪೌಂಡ್. 1946ರ ಮಾರ್ಚ್‌ನಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗನ್ ಹಿಡಿದದ್ದು 120 ಪೌಂಡ್, ಸುಮಾರು 54 ಕಿಲೋ. ಹುಲಿ, ಚಿರತೆಗಳ ಚರ್ಮಕ್ಕೆ ಜೀವಕಳೆ ತುಂಬಿ ನಿಲ್ಲಿಸುತ್ತಿದ್ದ ಮೈಸೂರಿನ ಆ ಪ್ರಸಿದ್ಧ ಮನೆತನದವರೇ.

ಮಾರ್ಚ್ ಅನ್ನೋದನ್ನ ಗಮನಿಸಿ. ಇಲ್ಲೂ ಆಟದ ಕಾಲ ಬೇಸಿಗೆಯ ಶುರುವೇ. ಮಳೆಗಾಲದ ಕೆಂಪು ನೀರು ಇಳಿದು, ಹೊಳೆ ತಿಳಿಯಾಗಿ, ಬಂಡೆಗಳು ತಲೆ ಎತ್ತಿ, ಮೀನು ಮಡುಗಳಲ್ಲಿ ಸೇರುವ ಸಮಯ. ಆದರೆ ಗಾಳಕ್ಕೆ ಗರಿಯ ಹುಳ ಅಲ್ಲ, ರಾಗಿ ಹಿಟ್ಟು! ರಾಗಿ ಹಿಟ್ಟನ್ನ ಗಟ್ಟಿಯಾಗಿ ಬೇಯಿಸಿ, ಮಸಾಲೆ ಸೇರಿಸಿ, ಉಂಡೆ ಮಾಡಿ ಕೊಕ್ಕೆಗೆ ಮೆತ್ತೋದು. ಲಂಡನ್‌ನಿಂದ ಬಂದ ದೊರೆಗಳೂ ಕೊನೆಗೆ ಮಂಡ್ಯದ ಮುದ್ದೆಗೇ ಶರಣಾದರು ಅಂದಂಗಾಯ್ತು. ಯಾವ ಮೀನಿಗೆ ಯಾವ ತಿನಿಸು ಅನ್ನೋ ಮಾನಸೋಲ್ಲಾಸದ ಪಾಠವೇ ಇದು, ಯಾರೂ ಪುಸ್ತಕ ಓದಿ ಕಲಿತದ್ದಲ್ಲ.

ಮೀನಿಗೆ ತಿನಿಸು ಹಾಕಿ, ಹಿಡಿಯದೆ ಬಿಡುವ ಸಂಪ್ರದಾಯವೂ ನಮ್ಮಲ್ಲೇ ಇದೆ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ನಿಂತು ಮಂಡಕ್ಕಿ ಹಾಕದ ಕನ್ನಡಿಗ ಯಾರಿದ್ದಾರೆ? ಶಿಶಿಲದ ಕಪಿಲಾ ನದಿ, ರಾಮನಾಥಪುರದ ಕಾವೇರಿ, ಅಲ್ಲೆಲ್ಲ ದೇವರ ಮೀನು ಅಂತ ಮುಟ್ಟೋದಿಲ್ಲ. ಅಲ್ಲಿ ಮಹಶೀರ್ ಉಳಿದಿರೋದು ಆ ಭಯಭಕ್ತಿಯಿಂದಲೇ.

ಕಾವೇರಿಯಲ್ಲಿ 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಒಂದು ಸಣ್ಣ ತಂಡ ಬಂದು ದೊಡ್ಡ ಮೀನು ಹಿಡಿದ ಸುದ್ದಿ ಹರಡಿತು. ಆಮೇಲೆ ಶಿವನಸಮುದ್ರದ ಕೆಳಗೆ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳಲ್ಲಿ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್‌ನ ಮೀನುಗಾಳದ ಕ್ಯಾಂಪ್‌ಗಳು ಬಂದವು. ನಿಯಮ ಒಂದೇ. ಹಿಡಿಯಬೇಕು, ತೂಗಬೇಕು, ಬರೆದಿಡಬೇಕು, ಜೀವಂತವಾಗಿ ನೀರಿಗೆ ಬಿಡಬೇಕು.

ಪ್ರವಾಸಿಗಳ ಜತೆ ಹರಿಗೋಲಿನಲ್ಲಿ ಹೋಗಿ, ಎಲ್ಲಿ ಗಾಳ ಹಾಕಬೇಕು ಅಂತ ತೋರಿಸುತ್ತಿದ್ದವರು ಸುತ್ತಲ ಹಳ್ಳಿಯವರು. ಅವರನ್ನ ಗಿಲ್ಲಿ ಅಂತ ಕರೆದರು. ಗಿಲ್ಲಿ ದಾಂಡಿನ ಗಿಲ್ಲಿ ಅಲ್ಲ. ಸ್ಕಾಟ್ಲೆಂಡಿನ ನದಿಗಳಲ್ಲಿ ಬೇಟೆಗಾರರ ಜತೆ ಹೋಗುವ ಸಹಾಯಕನಿಗೆ ಇರುವ ಪದ ಅದು. ಹಡಗಿನಲ್ಲಿ ಬಂದ ಪದ ಕಾವೇರಿ ದಡದ ಹಳ್ಳಿಯಲ್ಲಿ ಬೇರು ಬಿಟ್ಟಿತು. ಅವರಲ್ಲಿ ಹಲವರು ಮೊದಲು ಕದ್ದು ಮೀನು ಹಿಡಿಯುತ್ತಿದ್ದವರೇ. ಯಾವ ಮಡುವಿನಲ್ಲಿ ಯಾವ ಮೀನು ಅಂತ ಅವರಿಗೆ ಗೊತ್ತಿದ್ದಷ್ಟು ಯಾರಿಗೂ ಗೊತ್ತಿರಲಿಲ್ಲ. ಕಲ್ಯಾಣದಲ್ಲಿ ದೊರೆಯ ಹಿಂದೆ ಇದ್ದವರ ಜಾಗದಲ್ಲಿ ಇಲ್ಲಿ ಗಿಲ್ಲಿಗಳು ಇದ್ದರು ಅಂತ ಇಟ್ಟುಕೊಳ್ಳಿ. ಫೋಟೋದಲ್ಲಿ ಮೀನು ಎತ್ತಿ ಹಿಡಿದವನ ಹೆಸರು ಇರುತ್ತೆ, ಪಕ್ಕದಲ್ಲಿ ನಕ್ಕು ನಿಂತವನ ಹೆಸರು ಬಹಳ ಸಲ ಇರೋದಿಲ್ಲ.

ತಪ್ಪು ಹೆಸರು, ತಪ್ಪು ಮೀನು

ಈಗ ಕತೆಯ ಕಷ್ಟದ ಭಾಗ.

1839ರಲ್ಲಿ ಬ್ರಿಟಿಷ್ ಸೇನಾಧಿಕಾರಿ ವಿಲಿಯಂ ಹೆನ್ರಿ ಸೈಕ್ಸ್, ಪುಣೆ ಸುತ್ತಲ ನದಿಗಳ ಮೀನುಗಳನ್ನ ನೋಡಿ ಹೆಸರಿಟ್ಟ. ಅದರಲ್ಲಿ ಒಂದು ಖುದ್ರೀ. ಇಂದಿನ ಹೆಸರು ಟಾರ್ ಖುದ್ರೀ, ನೀಲಿ ರೆಕ್ಕೆಯ ಮಹಶೀರ್. ಇನ್ನೊಂದು ಮುಸ್ಸುಲ್ಲಾ. ಪುಣೆಯ ಮುಳಾ-ಮುಠಾ ನೀರು ಭೀಮೆಗೆ ಸೇರಿ, ಕಲಬುರಗಿ, ಯಾದಗಿರಿ ಜಿಲ್ಲೆ ದಾಟಿ, ರಾಯಚೂರಿನ ಹತ್ತಿರ ಕೃಷ್ಣೆಗೆ ಸೇರುತ್ತೆ. ಅದೇ ಕೃಷ್ಣೆಯ ನೀರು ನಾಗಾರ್ಜುನ ಸಾಗರದಿಂದ ಹೈದರಾಬಾದಿನ ನಮ್ಮ ನಲ್ಲಿಗೂ ಬರುತ್ತೆ. ಅಂದ್ರೆ ಇವೆರಡೂ ಕೃಷ್ಣೆಯ ಕಡೆಯ ಮೀನುಗಳು.

ಮುಂದೆ ಕಾವೇರಿಯ ಡುಬ್ಬದ ಮೀನನ್ನ ನೋಡಿದ ವಿಜ್ಞಾನಿಗಳು ಅದಕ್ಕೆ ಸೈಕ್ಸ್ ಇಟ್ಟ ಮುಸ್ಸುಲ್ಲಾ ಅನ್ನೋ ಹೆಸರನ್ನೇ ಅಂಟಿಸಿದರು. ದಶಕಗಟ್ಟಲೆ ಅದೇ ನಡೆಯಿತು. ಹತ್ತು-ಹನ್ನೆರಡು ವರ್ಷದ ಹಿಂದೆ ಹಳೆಯ ವಿವರಣೆ ಮತ್ತೆ ಓದಿ ನೋಡಿದಾಗ, ಸೈಕ್ಸ್ ಹೇಳಿದ ಮುಸ್ಸುಲ್ಲಾ ಮಹಶೀರ್ ಕುಲದ್ದೇ ಅಲ್ಲ ಅಂತ ಗೊತ್ತಾಯಿತು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಟೇಬಲ್‌ನಲ್ಲಿ ಐಡಿ ತಪ್ಪಾಗಿ ಮ್ಯಾಪ್ ಆಗಿತ್ತು. ಜಗತ್ತಿನ ಅತಿ ದೊಡ್ಡ ಮಹಶೀರ್, ದಶಕಗಟ್ಟಲೆ ಫೋಟೋ ತೆಗೆಸಿಕೊಂಡ ಮೀನು, ವಿಜ್ಞಾನದ ಪುಸ್ತಕದಲ್ಲಿ ಸ್ವಂತ ಹೆಸರಿಲ್ಲದೆ ನಿಂತಿತು.

ಹೆಸರಿಲ್ಲದಿದ್ದರೆ ಏನಾಯಿತು ಅಂತ ಕೇಳಬಹುದು. ಹೆಸರಿಲ್ಲದ ಜೀವಿಯನ್ನ ಅಳಿವಿನ ಅಂಚಿನ ಪಟ್ಟಿಗೆ ಸೇರಿಸೋಕೆ ಆಗೋದಿಲ್ಲ. ಅದರ ರಕ್ಷಣೆಗೆ ಹಣ ಬರೋದಿಲ್ಲ. ಎಲ್ಲಾ ಮಹಶೀರ್ ಒಂದೇ ಅಂತ ತಿಳಿದರೆ ಇನ್ನೂ ಒಂದು ಅಪಾಯ ಇದೆ. ಆಗಿದ್ದು ಅದೇ.

ಮಹಶೀರ್ ಕಡಿಮೆ ಆಗ್ತಿದೆ ಅನ್ನೋ ಕಾಳಜಿಯಿಂದ ಟಾಟಾ ವಿದ್ಯುತ್ ಕಂಪನಿಯವರು ಲೋನಾವಳದಲ್ಲಿ 1970ರ ದಶಕದಿಂದ ನೀಲಿ ರೆಕ್ಕೆಯ ಮಹಶೀರ್ ಮರಿ ಮಾಡಿಸಿದರು. ಒಳ್ಳೆಯ ಉದ್ದೇಶ, ದೊಡ್ಡ ಕೆಲಸ. ಆ ಮರಿಗಳು ಬೇರೆ ಬೇರೆ ರಾಜ್ಯಗಳ ನದಿಗೆ ಹೋದವು, ಕಾವೇರಿಗೂ ಬಂದವು. ಕೃಷ್ಣೆಯ ಕಡೆಯ ಮೀನು ಕಾವೇರಿಯಲ್ಲಿ ಚೆನ್ನಾಗಿ ಹೊಂದಿಕೊಂಡಿತು, ಸಂಖ್ಯೆ ಏರಿತು. ದಡದಲ್ಲಿ ನಿಂತವರಿಗೆ ಸಂತೋಷ. ಮಹಶೀರ್ ಹೆಚ್ಚಾಗಿದೆ!

ಯಾವ ಮಹಶೀರ್ ಅಂತ ಕೇಳಿದವರು ಕಡಿಮೆ.

ಇಲ್ಲಿ ಆ ಕ್ಯಾಂಪಿನ ಲೆಕ್ಕದ ಪುಸ್ತಕ ಕೆಲಸಕ್ಕೆ ಬಂತು. ಬ್ರಿಟನ್ನಿನ ಏಡ್ರಿಯನ್ ಪಿಂಡರ್, ಕೇರಳದ ರಾಜೀವ್ ರಾಘವನ್ ಮೊದಲಾದವರು ಗಾಳಿಬೋರೆ ಕ್ಯಾಂಪಿನ 1998ರಿಂದ 2012ರವರೆಗಿನ ದಾಖಲೆ ಕೂಡಿಸಿದರು. 23,000ಕ್ಕೂ ಹೆಚ್ಚು ಗಂಟೆಗಳ ಗಾಳ, 6,000ಕ್ಕೂ ಹೆಚ್ಚು ಮೀನು. 2015ರಲ್ಲಿ ಫಲಿತಾಂಶ ಬಂತು. ಒಟ್ಟು ಮೀನಿನ ಸಂಖ್ಯೆ ಏರಿದೆ, ಅದು ನೀಲಿ ರೆಕ್ಕೆಯದು. ಡುಬ್ಬದ ಮೀನು ವರ್ಷದಿಂದ ವರ್ಷಕ್ಕೆ ಅಪರೂಪ ಆಗಿದೆ, ಸಿಕ್ಕವೂ ದೊಡ್ಡ ದೊಡ್ಡವು. ದೊಡ್ಡ ಮೀನು ಸಿಕ್ಕರೆ ಒಳ್ಳೇದಲ್ವಾ? ಅಲ್ಲ. ಮರಿಗಳು ಬರ್ತಿಲ್ಲ ಅನ್ನೋದರ ಗುರುತು ಅದು. ಫ್ರೆಷರ್‌ಗಳನ್ನ ತಗೊಳ್ಳೋದನ್ನ ನಿಲ್ಲಿಸಿದ ಕಂಪನಿಯಲ್ಲಿ ಎಲ್ಲರೂ ಸೀನಿಯರ್ ಆಗಿ ಕಾಣ್ತಾರಲ್ಲ, ಹಾಗೆ.

ನೀಲಿ ರೆಕ್ಕೆಯ ಮೀನೊಂದೇ ಕಾರಣ ಅಂತ ಹೇಳೋಕೆ ಆಗೋದಿಲ್ಲ. ಅಣೆಕಟ್ಟು, ಮರಳು ತೆಗೆಯೋದು, ಡೈನಮೈಟ್ ಹಾಕಿ ಮೀನು ಕೊಲ್ಲೋದು, ಎಲ್ಲವೂ ಸೇರಿವೆ. ಆದರೆ ಹೊರಗಿನ ಮೀನು ತಂದು ಬಿಟ್ಟದ್ದು ದೊಡ್ಡ ಪಾತ್ರ ವಹಿಸಿದೆ ಅನ್ನೋದು ಆ ಸಂಶೋಧಕರ ಬಲವಾದ ಶಂಕೆ. ದಯವಿಟ್ಟು ಇದನ್ನ ಮನುಷ್ಯರ ವಲಸೆಗೆ ಹೋಲಿಸಬೇಡಿ, ನಾವೆಲ್ಲ ಹೊಟ್ಟೆಪಾಡಿಗೆ ಊರು ಬಿಟ್ಟು ಬಂದವರೇ. ಆ ಮೀನು ತಾನಾಗಿ ಬರಲಿಲ್ಲ. ನೀರು ಯಾವುದು, ಅದರಲ್ಲಿ ಈಗಾಗಲೇ ಇರೋದು ಯಾರು ಅಂತ ಕೇಳದೆ ತಂದು ಬಿಟ್ಟರು.

ಹೆಸರು ಬಂತು, ಮೀನು?

2012ರಲ್ಲಿ ವನ್ಯಜೀವಿ ಕಾಯ್ದೆಯ ಪ್ರಕಾರ ಅಭಯಾರಣ್ಯದೊಳಗೆ ಗಾಳ ಹಾಕೋದು ನಿಂತಿತು. ಅದು ಸರಿ ಅನ್ನುವವರು ಇದ್ದಾರೆ, ಪ್ರಾಣಿಗೆ ನೋವು ಕೊಟ್ಟು ಆಟ ಆಡೋದು ಯಾಕೆ ಅನ್ನೋ ಪ್ರಶ್ನೆಗೆ ತೂಕ ಇದೆ. ಆದರೆ ಅದರ ಜತೆಗೆ ಗಿಲ್ಲಿಗಳ ಕೆಲಸ ಹೋಯಿತು, ರಾತ್ರಿ ಹೊಳೆ ಕಾಯುವ ಕಣ್ಣುಗಳು ಕಡಿಮೆಯಾದವು, ಲೆಕ್ಕದ ಪುಸ್ತಕವೂ ಮುಚ್ಚಿತು ಅಂತ ಇನ್ನೊಂದು ಕಡೆಯವರು ದೂರುತ್ತಾರೆ. ಎರಡೂ ಮಾತು ನಿಜ ಇರಬಹುದು.

ಕೊನೆಗೆ 2018ರ ಜೂನ್‌ನಲ್ಲಿ ಅದೇ ಸಂಶೋಧಕರ ತಂಡ, ಕಾವೇರಿ ಕಣಿವೆಯ ಮೋಯಾರ್ ನದಿಯಲ್ಲಿ ಸಿಕ್ಕ ಡುಬ್ಬದ ಮೀನುಗಳನ್ನ ಪರೀಕ್ಷೆ ಮಾಡಿ ಹೆಸರು ಖಚಿತಪಡಿಸಿತು. ಕೇರಳದ ಪಾಂಬಾರ್, ಅದೂ ಕಾವೇರಿಯ ಉಪನದಿಯೇ, ಅಲ್ಲಿನ ಸಣ್ಣ ಮೀನುಗಳಿಗೆ ಕೆಲವು ವರ್ಷ ಮುಂಚೆ ಇಬ್ಬರು ವಿಜ್ಞಾನಿಗಳು ಟಾರ್ ರೇಮಾದೇವಿ ಅಂತ ಹೆಸರಿಟ್ಟಿದ್ದರು. ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ಮೀನುತಜ್ಞೆ ಡಾ. ಕೆ. ರೇಮಾದೇವಿ ಅವರ ಗೌರವಕ್ಕೆ. ಕಾವೇರಿಯ ದೈತ್ಯ ಅದೇ ಜಾತಿ ಅಂತ ಸಾಬೀತಾಯಿತು. ಅದೇ ವರ್ಷ ನವೆಂಬರ್‌ನಲ್ಲಿ ಐಯುಸಿಎನ್ ಕೆಂಪು ಪಟ್ಟಿಗೆ ಅದು ಸೇರಿತು, 'ತೀವ್ರ ಅಪಾಯದಲ್ಲಿದೆ' ಅನ್ನೋ ವರ್ಗದಲ್ಲಿ. ಅದಾದ ಮೇಲೆ ಉಳಿದಿರೋದು ಅಳಿವಿನ ವರ್ಗಗಳು ಮಾತ್ರ.

ಹೆಸರು ಸಿಕ್ಕಿದ ವರ್ಷವೇ ಅಪಾಯದ ಪಟ್ಟಿ. ನೂರು ವರ್ಷ ಅದರ ತೂಕ ಬರೆದಿಟ್ಟರು, ಅದು ಯಾರು ಅಂತ ಮಾತ್ರ ಬರೆದಿಡಲಿಲ್ಲ.

ಗೆಳೆಯರಿಗೆ ನಾನು ಕೊನೆಗೆ ಹೇಳಿದ್ದು ಇಷ್ಟು. ಟ್ರೌಟ್ ಬೇಕಿದ್ದರೆ ಕಾಶ್ಮೀರಕ್ಕೆ ಹೋಗಿ, ಪರವಾನಗಿ ತಗೊಂಡು ಹಿಡೀರಿ. ಆದರೆ ಒಂದು ಶನಿವಾರ ಬಸವಕಲ್ಯಾಣಕ್ಕೂ ಹೋಗಿ ಬನ್ನಿ. ಕೋಟೆ ನೋಡಿ, ಶರಣರ ಜಾಗ ನೋಡಿ. ಬರುವ ದಾರಿಯಲ್ಲಿ ಬೀದರ್ ಮೇಲೆ ಸುತ್ತಿಕೊಂಡು ಬಂದರೆ ಮಂಜೀರಾ ಸಿಗುತ್ತೆ. ದಶಕಗಳ ಕಾಲ ಹೈದರಾಬಾದಿಗೆ ಕುಡಿಯೋ ನೀರು ಕೊಟ್ಟ ಹೊಳೆ. ದಡದಲ್ಲಿ ಬಲೆ ಒಣಗಿಸುತ್ತಾ ಒಬ್ಬ ಹಿರಿಯರು ಕೂತಿದ್ದರೆ ಮಾತಾಡಿಸಿ. ಆ ಕಡೆ ಕನ್ನಡ, ತೆಲುಗು, ದಖನಿ ಮೂರೂ ನಡೆಯುತ್ತೆ. ಬುಟ್ಟಿಯಲ್ಲಿರೋ ಮೀನುಗಳ ಹೆಸರು ಒಂದೊಂದಾಗಿ ಕೇಳಿ. ಯಾವುದು ಹಿಂದೆ ಸಿಗ್ತಿತ್ತು, ಈಗ ಸಿಗ್ತಿಲ್ಲ ಅಂತ ಕೇಳಿ. ಫೋನಲ್ಲಿ ಬರೆದುಕೊಳ್ಳಿ. ಹೇಳಿದವರ ಹೆಸರನ್ನೂ, ಅವರು ಒಪ್ಪಿದರೆ, ಜತೆಗೆ ಬರೀರಿ.

ಅವರು ಹೋಗಿ ಬಂದರು. 11 ಹೆಸರು ಬರೆದುಕೊಂಡು ಬಂದಿದ್ದಾರೆ. ಅದರಲ್ಲಿ 3 ಮೀನು ಈಗ ಕಾಣೋದೇ ಇಲ್ಲ ಅಂದರಂತೆ ಆ ಹಿರಿಯರು.

ನಿಮ್ಮ ಊರಿನ ಹೊಳೆಯಲ್ಲಿ, ಕೆರೆಯಲ್ಲಿ ಅಜ್ಜ ಹೇಳುತ್ತಿದ್ದ ಮೀನಿನ ಹೆಸರುಗಳು ನೆನಪಿದ್ದರೆ ನಮಗೂ ಬರೆದು ಕಳಿಸಿ. ಊರಿನ ಹೆಸರು, ಹೊಳೆಯ ಹೆಸರು ಮರೀಬೇಡಿ.